ಟೇಪಿನೊಳಗಿನ ಎರಡು ಬೆರಳು

ಮೂವತ್ತು ವರ್ಷಗಳಿಂದ ಊರ ಹೆಂಗಸರ ಅಳತೆ ತೆಗೆಯುತ್ತ ಬಂದಿದ್ದೇನೆ. ಟೇಪು ಸುತ್ತಿದಾಗ ಇದ್ದ ಹಾಗೇ ನಿಂತವಳು ಇಷ್ಟು ವರ್ಷದಲ್ಲಿ ಒಬ್ಬಳೇ. ಅವಳಿಗೆ ನಾಲ್ಕು ಕಾಲು, ಎರಡು ಮೋಟು ಕೋಡು, ಹಣೆಯ ಮೇಲೆ ಒಂದು ಬಿಳಿ ಮಚ್ಚೆ. ಆ ಮಚ್ಚೆಯಿಂದಲೇ ಅವಳಿಗೆ ಚಂದ್ರಿ ಅಂತ ಹೆಸರು.

ಉಳಿದವರೆಲ್ಲ ಟೇಪು ಕಂಡ ಕೂಡಲೇ ಬೇರೆ ಯಾರೋ ಆಗಿಬಿಡುತ್ತಾರೆ. ಮದುವೆ ಗೊತ್ತಾದ ಹುಡುಗಿ ಉಸಿರು ಒಳಗೆಳೆದುಕೊಂಡು ಕಣ್ಣು ಮುಚ್ಚುತ್ತಾಳೆ. ಬಾಣಂತನ ಮುಗಿಸಿ, ತವರಿನ ತುಪ್ಪ ಉಂಡು ಬಂದವಳು ಹಳೆಯ ಕುಬಸವನ್ನು ಮುಂದಿಟ್ಟು, "ಇದರ ಅಳತಿಗೇ ಹೊಲೀರಿ ಅಕ್ಕಾರ, ನಾ ಏನ ದಪ್ಪ ಆಗಿಲ್ಲ" ಅನ್ನುತ್ತಾಳೆ. ಹೌದಲ್ಲ ಅಂದು, ಒಳಗೆ ಒಂದು ಇಂಚು ಹೆಚ್ಚು ಬಿಟ್ಟು ಹೊಲಿದು ಕೊಡುತ್ತೇನೆ. ಅದನ್ನು ತೊಟ್ಟುಕೊಂಡು ಕನ್ನಡಿಯ ಮುಂದೆ ತಿರುಗಿ, "ನೋಡಿದ್ರ್ಯಾ, ನಾ ಹೇಳಲಿಲ್ಲ?" ಅಂತ ಅವಳು ಗೆಲ್ಲುತ್ತಾಳೆ. ಇಬ್ಬರಿಗೂ ಸಮಾಧಾನ. ಬೆಂಗಳೂರಿನವರು ಬ್ಲೌಸು ಅನ್ನುವ ಈ ಕುಬಸವನ್ನು ಹೊಲಿದು ಹೊಟ್ಟೆ ಹೊರೆಯುವವರ ಬಾಳೆಲ್ಲ ಇಂಥ ಸಣ್ಣ ಸುಳ್ಳುಗಳ ಮೇಲೇ ನಿಂತಿದೆ. ಇವುಗಳಿಂದ ಯಾರಿಗೂ ಕೇಡಿಲ್ಲ ಎಂದೇ ನಾನು ತಿಳಿದಿದ್ದೆ. ಆದರೆ ಅಂಥದೊಂದು ಸುಳ್ಳು ಚಂದ್ರಿಯ ಜೀವಕ್ಕೇ ಬರುವುದರಲ್ಲಿತ್ತು. ಅದನ್ನು ಹೇಳಿಕೊಂಡು ಹಗುರಾಗೋಣವೆಂದು ಕೂತಿದ್ದೇನೆ.

ನಾನು ಹೊಲಿಗೆ ಕಲಿತದ್ದು ಬನಹಟ್ಟಿಯಲ್ಲಿ. ಎರಡೂ ಬದಿ ಮಗ್ಗಗಳು ಸದ್ದು ಮಾಡುವ ಓಣಿಯಲ್ಲಿ ನಮ್ಮ ಮಾಸ್ತರರ ಅಂಗಡಿ. ಆ ಸದ್ದಿನಲ್ಲಿ ಮಾತಾಡಿ ಮಾತಾಡಿ ಅವರಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಗುಟ್ಟನ್ನೂ ಕೂಗಿಯೇ ಹೇಳುವವರು. ಮೊದಲ ದಿನವೇ ಕೂಗಿ ಹೇಳಿದ್ದು ಎರಡು ಮಾತು. "ಎದಿ ಅಳತಿ ಅಂದ್ರ ಎಲ್ಲಿ ತುಂಬೈತಿ ಅಲ್ಲೇ ಟೇಪ ಹಿಡೀಬೇಕು. ಟೇಪಿನ ಒಳಗ ಎರಡ ಬೆರಳ ಇಡಬೇಕು. ಇಡಲಿಲ್ಲಂದ್ರ ಗಿರಾಕಿ ಉಣ್ಣಾಕ ಕುಂತಾಗೊಮ್ಮಿ ನಿನ್ನ ಬೈತಾಳ." ಹದಿನೆಂಟು ವರ್ಷದ ನನಗೆ ಆ ಎರಡು ಮಾತು ಹೇಗೆ ಹತ್ತಿದವೆಂದರೆ, ಈಗ ನನ್ನ ಬಲಗೈಯ ತೋರುಬೆರಳು, ನಡುಬೆರಳು ನನ್ನ ಮಾತು ಕೇಳುವುದಿಲ್ಲ. ಟೇಪು ಕಂಡರೆ ಸಾಕು, ತಾವಾಗಿಯೇ ಒಳಗೆ ಹೋಗಿ ಕೂತುಬಿಡುತ್ತವೆ. ದಿಂಬಿನ ಗವಸಿಗೆ ಅಳತೆ ತೆಗೆದರೂ ಅಷ್ಟೇ.

ಹಿಂದೆ ಟೇಪು ಎಲ್ಲಿತ್ತು? ಮನುಷ್ಯನ ಮೈಯೇ ಅಳತೆಗೋಲು. ಗೇಣು, ಮೊಳ, ಮಾರು ಎಲ್ಲ ಕೈಯಲ್ಲೇ ಇದ್ದವು. ಅಡುಗೆಮನೆಗೆ ಬಂದರೆ ಚಿಟಿಕೆ, ಹಿಡಿ, ಬೊಗಸೆ. ನೇಕಾರನ ಮೊಳಕ್ಕೂ ಕೊಳ್ಳುವವಳ ಮೊಳಕ್ಕೂ ತಾಳೆಯಾಗದೆ ಸಂತೆಯಲ್ಲಿ ಜಗಳಗಳಾಗುತ್ತಿದ್ದವಂತೆ. ನಮ್ಮಜ್ಜಿ ಸೀರೆ ಕೊಳ್ಳಲು ಹೋಗುವಾಗ ಉದ್ದ ಕೈಯ ತನ್ನ ತಂಗಿಯನ್ನು ಕರೆದುಕೊಂಡು ಹೋಗುತ್ತಿದ್ದಳು. ಟೇಪು ಬಂದ ಮೇಲೆ ಅಂಥ ಜಗಳ ಮುಗಿದವು ಅನ್ನುತ್ತಾರೆ. ಆದರೆ ಟೇಪು ಹಿಡಿಯುವುದೂ ಒಂದು ಕೈಯೇ, ಆ ಕೈಗೆ ಅದರದೇ ರೂಢಿ ಇರುತ್ತದೆ ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು.

ಚಂದ್ರಿ ನಮ್ಮ ಪಕ್ಕದ ಮನೆಯ ಕಾಶಕ್ಕನ ಮಣಕ. ಮಣಕ ಅಂದರೆ ಇನ್ನೂ ಕರು ಹಾಕದ ಹರೆಯದ ಆಕಳು. ಕಾಶಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅವಳ ಗಂಡ ತೀರಿಹೋಗಿ ಬಹಳ ವರ್ಷವಾಯಿತು. ಮಗ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಸೊಸೆ ಇದ್ದಾಳೆ, ಇಬ್ಬರು ಮೊಮ್ಮಕ್ಕಳಿದ್ದಾರೆ. ಮನೆಯಲ್ಲಿ ಗದ್ದಲಕ್ಕೇನೂ ಕಡಿಮೆಯಿಲ್ಲ. ಆ ಗದ್ದಲದ ನಡುವೆ ಎಲ್ಲರಿಗೂ ಬಡಿಸಿ, ದನಕ್ಕೆ ನೀರಿಟ್ಟು, ಕೊನೆಗೆ ತಾನು ಉಣ್ಣಲು ಕೂಡುವವಳು ಕಾಶಕ್ಕ. ನಮ್ಮಿಬ್ಬರ ಹಿತ್ತಿಲ ನಡುವೆ ಸೊಂಟದೆತ್ತರದ ಒಂದು ಗೋಡೆ ಇದೆ. ಅದನ್ನು ಕಟ್ಟಿದ್ದು ಬೇರೆ ಮಾಡಲಿಕ್ಕೆ. ನಾವದನ್ನು ಚಹಾದ ಬಟ್ಟಲು ಇಡಲಿಕ್ಕೆ ಬಳಸುತ್ತೇವೆ.

ಕಾಶಕ್ಕನ ಕೊಟ್ಟಿಗೆಯಲ್ಲಿ ಹಾಲು ಕೊಡುವ ಒಂದು ಮುದಿ ಆಕಳಿತ್ತು. ಚಂದ್ರಿ ಅದರ ಎರಡನೆಯ ಮಗಳು. ಮೊದಲನೆಯ ಮಗಳ ಕಥೆ ಓಣಿಗೆಲ್ಲ ಗೊತ್ತು. ಮೈ ತುಂಬುವ ಮೊದಲೇ ಅದನ್ನು ಗಬ್ಬ ಕಟ್ಟಿಸಿದರು. ಈಯುವ ಹೊತ್ತಿಗೆ ಕರು ದೊಡ್ಡದು, ದಾರಿ ಸಣ್ಣದು. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಒದ್ದಾಡಿ ತಾಯಿಯೂ ಹೋಯಿತು, ಕರುವೂ ಹೋಯಿತು. ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಕಾಶಕ್ಕ ಆಮೇಲೆ ಎರಡು ದಿನ ಗೋಡೆಯ ಹತ್ತಿರ ಬರಲಿಲ್ಲ. ಮೂರನೆಯ ದಿನ ಗೋಡೆಗೆ ಆನಿಕೊಂಡು, "ಅದು ನನ್ನ ನೋಡಿಕೋತ ಹೋತು" ಅಂದಳು.

ಆದ್ದರಿಂದ ಚಂದ್ರಿಯ ವಿಷಯದಲ್ಲಿ ಅವಳಿಗೆ ಭಯ. ಮುದಿ ಆಕಳ ಹಾಲು ಇಳಿಯುತ್ತ ಬಂದಿತ್ತು, ಚಂದ್ರಿ ಆಕಳಾಗಲೇಬೇಕಿತ್ತು. ಆದರೆ ಅಕ್ಕನ ಹಾಗೆ ಆಗಬಾರದು. ದನದ ಡಾಕ್ಟರು ಬೀಳಗಿ ಕಡೆಯ ಹುಡುಗ, ಬೈಕಿನ ಮೇಲೆ ಊರೂರು ತಿರುಗುತ್ತಾನೆ. ಒಮ್ಮೆ ಮುದಿ ಆಕಳನ್ನು ನೋಡಲು ಬಂದವನನ್ನು ಕಾಶಕ್ಕ ಹಿಡಿದು ನಿಲ್ಲಿಸಿ ಕೇಳಿದಳು.

"ಇದು ಯಾವಾಗ ತಯಾರ ಆಗತೈತಿ ಅಂತ ನಮಗ ಹೆಂಗ ಗೊತ್ತಾಗಬೇಕ್ರಿ ಸಾಹೇಬ್ರ?"

ಹುಡುಗ ಸುತ್ತ ನೋಡಿದ. ಗೋಡೆಯ ಆಚೆ ನಾನು. ನನ್ನ ಕೊರಳಲ್ಲಿ ತಾಳಿಯ ಜೋಡಿ ಯಾವಾಗಲೂ ಟೇಪು ಇರುತ್ತದೆ. "ಅಕ್ಕಾರ ಅದಾರಲ್ರಿ," ಅಂದ. "ಮುಂಗಾಲಿನ ಹಿಂದ, ಅಲ್ಲೇ ಹತ್ತಿಸಿ, ಎದಿ ಸುತ್ತ ಟೇಪ ಹಾಕ್ರಿ. ಈಗ ಒಂದನ್ನೊಂದು ದಾಟಿ ಹೋಗೂ ಈ ಟೇಪಿನ ಎರಡೂ ತುದಿ ಯಾವತ್ತ ಬರೋಬರಿ ಕೂಡತಾವ, ಅವತ್ತ ತಯಾರ ಆತು ಅಂತ ತಿಳ್ಕೋರಿ. ಅಲ್ಲೀತನಕ ಬೆದಿಗಿ ಬಂದ್ರೂ ಬಿಡ್ರಿ."

ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಊರ ಹೆಂಗಸರ ಕುಬಸ ಹೊಲಿದು ಬಂದ ಹೆಸರೆಲ್ಲ ಅದರ ಮುಂದೆ ಏನೂ ಅಲ್ಲ ಅನ್ನಿಸಿತು. ಅಮಾವಾಸ್ಯೆಯ ದಿನ ನಮ್ಮ ಕಡೆ ಎತ್ತು ಹೂಡುವುದಿಲ್ಲ. ಎತ್ತಿಗಿಲ್ಲದ ದುಡಿಮೆ ನನಗೇಕೆಂದು ನಾನೂ ಅವತ್ತು ಮಿಷನ್ ತುಳಿಯುವುದಿಲ್ಲ. ಪ್ರತಿ ಅಮಾವಾಸ್ಯೆಗೆ ಚಂದ್ರಿಯ ಅಳತೆ ಎಂದು ಗೊತ್ತುಮಾಡಿಕೊಂಡೆವು. ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲಿ ಅವಳಿಗೂ ಒಂದು ಹಾಳೆ ತೆಗೆದೆ. ತೋಳು, ಕೊರಳು ಎಂಬ ಕಡೆ ಖಾಲಿ ಬಿಟ್ಟೆ.

ಚಂದ್ರಿ ದಿನವೆಲ್ಲ ಮೇಯುವವಳು. ನಮ್ಮೂರು ಕೃಷ್ಣೆಯ ದಂಡೆಗಿದೆ, ಹಿಪ್ಪರಗಿ ಬ್ಯಾರೇಜಿಗೆ ಸೈಕಲ್ ಮೇಲೆ ಹೋಗಿ ಬರುವಷ್ಟು ದೂರ. ಮನೆಯ ಗೋಡೆಗೆ ಹತ್ತಿಕೊಂಡೇ ಕಬ್ಬು. ಊರ ದನ ಮೇಯುತ್ತಿದ್ದ ಬಯಲು ಹೋಗಿ, ಈಗ ಉಳಿದದ್ದು ಹೊಳೆಯ ದಂಡೆ, ಹೊಲದ ಬದು, ಕಾಲುವೆಯ ಏರಿ ಅಷ್ಟೇ. ಕಾಶಕ್ಕ ಮುಂಜಾನೆ ಅವಳನ್ನು ಹೊಡೆದುಕೊಂಡು ಹೋಗಿ ಸಂಜೆ ತರುತ್ತಿದ್ದಳು. ಕಬ್ಬು ಕಡಿಯುವ ದಿನಗಳಲ್ಲಿ ಹಸಿ ಸೋಗೆ ಬೇಕಾದಷ್ಟು. ಹಿಂಡಿ ಮಾತ್ರ ಮುದಿ ಆಕಳಿಗೆ. ಅದು ಕಾಶಕ್ಕನ ಮನೆಯ ರೀತಿಯಷ್ಟೇ ಅಲ್ಲ, ನಮ್ಮೂರಲ್ಲಿ ಎಲ್ಲರದೂ ಅದೇ ರೀತಿ. ಹಾಲು ಕೊಡುವ ದನಕ್ಕೆ ಹಿಂಡಿ, ದುಡಿಯುವ ಎತ್ತಿಗೆ ನುಚ್ಚು, ಎಳೆಯದು ಹುಲ್ಲು ತಿಂದುಕೊಂಡು ತಾನಾಗಿ ಬೆಳೆಯಬೇಕು.

ಬೆಳೆಯುತ್ತಿದ್ದಳು ಕೂಡ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ನನ್ನ ಪುಸ್ತಕದಲ್ಲಿ ಅಂಕಿ ಏರುತ್ತಿತ್ತು. ನಾನು ಟೇಪು ತಂದರೆ ಚಂದ್ರಿ ತಲೆ ತಗ್ಗಿಸಿ, ಒಂದೇ ಉಸಿರಿನ ಲಯದಲ್ಲಿ, ಮೆಲುಕು ಹಾಕುತ್ತ ನಿಲ್ಲುವಳು. ಉಸಿರು ಬಿಗಿಹಿಡಿಯುವುದಿಲ್ಲ, ಎದೆ ಉಬ್ಬಿಸುವುದಿಲ್ಲ. ಇಂಥ ಗಿರಾಕಿ ಸಿಕ್ಕರೆ ಹೊಲಿಗೆಯವರು ಪುಣ್ಯವಂತರು. ನಾನು ಅವಳ ಮೈಮೇಲೆ ಟೇಪು ಹಾಕಿ, ಎಲ್ಲಿ ತುಂಬಿದೆಯೋ ಅಲ್ಲಿಗೆ ಸರಿಸಿ, ಎರಡು ಬೆರಳು ಒಳಗಿಟ್ಟು, ಓದಿ ಹೇಳುತ್ತಿದ್ದೆ. ಒಂದು ಅಮಾವಾಸ್ಯೆಗೆ ಟೇಪಿನ ಎರಡೂ ತುದಿ ನನ್ನ ಬೆರಳುಗಳ ಮೇಲೆ ಕೂಡಿಯೇ ಬಿಟ್ಟವು. ಕಾಶಕ್ಕ ಮನೆಯೊಳಗೆ ಹೋಗಿ ಒಂದು ಬೆಲ್ಲದ ಚೂರು ತಂದು ನನ್ನ ಬಾಯಿಗಿಟ್ಟಳು. ಇನ್ನೊಂದು ಚೂರು ಚಂದ್ರಿಗೆ.

ನಾಲ್ಕನೆಯ ದಿನ ಚಂದ್ರಿ ಬೆದೆಗೆ ಬಂದಳು. ಡಾಕ್ಟರಿಗೆ ಫೋನು ಹೋಯಿತು. ಅವನು ಬಂದ, ಪೆಟ್ಟಿಗೆ ಇಳಿಸಿದ, ಚಂದ್ರಿಯ ಸುತ್ತ ಒಂದು ಸುತ್ತು ಬಂದ, ಆಮೇಲೆ ನನ್ನ ಕಡೆ ಕೈ ಚಾಚಿ, "ಟೇಪ ಕೊಡ್ರಿ ಅಕ್ಕಾರ" ಅಂದ.

ಕೊಟ್ಟೆ. ಅವನು ಬಗ್ಗಿ, ಮುಂಗಾಲಿನ ಹಿಂದೆ, ಹೇಳಿದ್ದ ಜಾಗದಲ್ಲೇ, ಚರ್ಮಕ್ಕೆ ಹತ್ತಿಸಿ ಟೇಪು ಎಳೆದ. ಎರಡು ತುದಿಗಳು ಕೂಡಿ ನಿಲ್ಲಲಿಲ್ಲ. ಒಂದನ್ನೊಂದು ದಾಟಿ ಆರು ಇಂಚು ಮುಂದೆ ಹೋದವು. ನಾನು ಕಣ್ಣು ಉಜ್ಜಿಕೊಂಡು ನೋಡಿದೆ. ಟೇಪು ನನ್ನದೇ, ಮಣಕ ಅದೇ.

"ನೀವು ಎಲ್ಲಿ ಹಿಡಿದಿದ್ರಿ?"

ತೋರಿಸಿದೆ. ಅವನು ನಗಲಿಲ್ಲ, ಅದೇ ನನಗೆ ಹೆಚ್ಚು ನಾಚಿಕೆ ತಂದದ್ದು. "ಇಲ್ಲಿ ತುಂಬಿದ್ದು ಹೊಟ್ಟೀರಿ," ಅಂದ. "ಹುಲ್ಲು, ಸೋಗಿ ತಿಂದ ತಿಂದ ಹೊಟ್ಟಿ ಬೆಳದೈತಿ, ಮೈ ಬೆಳದಿಲ್ಲ. ಎಳೀ ದನಕ್ಕ ಬರೇ ಹುಲ್ಲು ಸಾಲೂದಿಲ್ರಿ. ಎಲುಬಿಗಿ, ಮಾಂಸಕ್ಕ ಬೇಕಾದ್ದು ಅದರಾಗ ಸಿಗೂದಿಲ್ಲ. ಇವತ್ತ ನಾ ಇಂಜೆಕ್ಷನ್ ಮಾಡಿದ್ರ ಗಬ್ಬ ಆಗತಿತ್ತು. ಆದ್ರ ಈಯೂ ಮುಂದ..."

ಕಾಶಕ್ಕನ ಮುಖ ನೋಡಿ ನಿಲ್ಲಿಸಿದ. ಅವಳು ಚಂದ್ರಿಯ ಕೊರಳಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

ತುಂಬಿದ ಜಾಗ ಹುಡುಕಿ ಟೇಪು ಹಿಡಿಯುವುದು, ಎರಡು ಬೆರಳು ಬಿಡುವುದು, ಎರಡೂ ಮಾಸ್ತರರು ಕೂಗಿ ಕಲಿಸಿದ ಪಾಠ. ಕುಬಸಕ್ಕೆ ಎರಡೂ ಸರಿ. ಹೊಲಿಗೆಯವಳಲ್ಲದ ಇನ್ನಾರೇ ಟೇಪು ಹಿಡಿದಿದ್ದರೂ ಡಾಕ್ಟರು ಹೇಳಿದ ಜಾಗದಲ್ಲಿ ಹಿಡಿಯುತ್ತಿದ್ದರು. ಮೂವತ್ತು ವರ್ಷ ಕಲಿತ ಕೈಗೆ ಮಾತ್ರ ಇಂಥ ತಪ್ಪು ಸಾಧ್ಯ.

ಡಾಕ್ಟರು ಹೋದ ಮೇಲೆ ಕಾಶಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು, ನಾನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ. ಸಿಟ್ಟು ನನಗೆ ಬೇಗ ಬರುತ್ತದೆ, ಅದು ಊರಿಗೇ ಗೊತ್ತು. ನನ್ನ ಮೇಲೇ ಬಂದಾಗ ಅದನ್ನು ಎಲ್ಲಿ ಹಾಕಬೇಕೋ ತಿಳಿಯುವುದಿಲ್ಲ. "ನಂದ ತಪ್ಪಾತು ಕಾಶಕ್ಕ" ಅಂದೆ.

"ನಿಂದೇನ ತಪ್ಪ," ಅಂದಳು. "ಎಲ್ಲಾರಿಗೂ ಸಡಿಲ ಬಿಟ್ಟ ಬಿಟ್ಟ ನಿನ್ನ ಬೆರಳಿಗಿ ರೂಢಿ ಬಿದ್ದೈತಿ." ಅಷ್ಟು ಹೇಳಿ, ತಪ್ಪನ್ನು ನನ್ನಿಂದ ಬಿಡಿಸಿ ನನ್ನ ಬೆರಳುಗಳಿಗೆ ಕೊಟ್ಟು, ಸಗಣಿ ಬಳಿಯಲು ಹೋದಳು.

ಡಾಕ್ಟರು ಹೇಳಿದ್ದು ಸುಲಭದ್ದೇ. ಮೇಯಿಸುವುದನ್ನು ಬಿಡಬಾರದು. ಅದರ ಜೋಡಿ ದಿನಾಲೂ ಒಂದಿಷ್ಟು ಹಿಂಡಿ, ಒಂದಿಷ್ಟು ಗೋವಿನಜೋಳದ ನುಚ್ಚು, ಒಂದು ಚಿಟಿಕೆ ಉಪ್ಪು, ಎಲುಬಿನ ಬಲಕ್ಕೆ ಅವನೇ ಕೊಟ್ಟ ಒಂದು ಪುಡಿ. ಒಮ್ಮೆಲೇ ಬಹಳ ಹಾಕಬಾರದು, ಹಾಕಿದರೆ ಬೊಜ್ಜು ಬರುತ್ತದೆ, ಅದೂ ಈಯುವಾಗ ತ್ರಾಸವೇ. ಸಣ್ಣಗೆ, ದಿನಾಲೂ, ತಪ್ಪದೆ. ಕೇಳಲಿಕ್ಕೆ ಇದಕ್ಕಿಂತ ಸುಲಭದ ಮಾತು ಇಲ್ಲ. ಆದರೆ ಬುಟ್ಟಿಯಲ್ಲಿ ಹಿಂಡಿ ಹಾಕಿಕೊಂಡು ಕಾಶಕ್ಕ ಚಂದ್ರಿಯ ಮುಂದೆ ಹೋದ ಮೊದಲ ದಿನವೇ ಮಗನ ದನಿ ಗೋಡೆ ದಾಟಿ ನನಗೆ ಕೇಳಿಸಿತು.

"ಯವ್ವಾ, ಹಾಲ ಕೊಡೂದಕ್ಕ ಹಾಕೂ ಹಿಂಡಿ ಇದಕ್ಕ ಯಾಕ ಹಾಕಾಕತ್ತೀ? ಇದೇನ ಕೊಡತೈತಿ?"

"ಕೊಡೂದು ಕಲೀಲಿ ಅಂತ ಹಾಕಾಕತ್ತೇನಿ" ಅಂದಳು ಕಾಶಕ್ಕ.

ಅವನು ಕೆಟ್ಟವನಲ್ಲ. ನಮ್ಮೆಲ್ಲರ ಮನೆಯ ರೀತಿಯನ್ನೇ ಅವನು ಮಾತಿನಲ್ಲಿ ಹೇಳಿದ, ಅಷ್ಟೇ. ನಾನು ಸಣ್ಣವಳಿದ್ದಾಗ ನಮ್ಮ ಮನೆಯಲ್ಲಿ ಹಾಲಿನ ಬಟ್ಟಲು ಹೊಲಕ್ಕೆ ಹೋಗುವ ಅಪ್ಪನಿಗೆ, ಆಮೇಲೆ ಸಾಲೆಗೆ ಹೋಗುವ ಅಣ್ಣನಿಗೆ. ನನಗೆ, ತಂಗಿಗೆ ಮಜ್ಜಿಗೆ. ಯಾರೂ ನಮ್ಮನ್ನು ಬೈದು ಹೊಡೆದು ಮಜ್ಜಿಗೆ ಕುಡಿಸಲಿಲ್ಲ. ಅವ್ವ ಪ್ರೀತಿಯಿಂದಲೇ ಕೊಡುತ್ತಿದ್ದಳು, ತನಗೆ ಅದೂ ಉಳಿಸಿಕೊಳ್ಳದೆ. ಇವತ್ತು ದುಡಿಯುವವರಿಗೆ ಮೊದಲು, ನಾಳೆ ದುಡಿಯಬೇಕಾದವರಿಗೆ ಉಳಿದದ್ದು. ದನದ ಗೋದಲಿಯಿಂದ ಅಡುಗೆಮನೆಯವರೆಗೆ ಒಂದೇ ಲೆಕ್ಕ. ನಾಳೆ ಬಂದಾಗ ಮಾತ್ರ, ಇದು ಯಾಕೆ ಬೆಳೆಯಲಿಲ್ಲ ಅಂತ ಎಲ್ಲರೂ ಅಚ್ಚರಿಪಡುತ್ತೇವೆ.

ನನ್ನ ತಪ್ಪಿಗೆ ನಾನೇ ಒಂದು ದಾರಿ ಹುಡುಕಿಕೊಂಡೆ. ರಬಕವಿಯಲ್ಲಿ ಎಣ್ಣೆ ಗಾಣದ ಮನೆಯ ಹೆಣ್ಣುಮಗಳೊಬ್ಬಳು ನನ್ನ ಹಳೆಯ ಗಿರಾಕಿ. ಹಬ್ಬಕ್ಕೊಂದು ಕುಬಸ ಹೊಲಿಸುವವಳು. ಅವಳಿಗೆ ಹೇಳಿದೆ, ಈ ವರ್ಷ ಹೊಲಿಗೆಯ ದುಡ್ಡಿಗೆ ಬದಲು ಶೇಂಗಾ ಹಿಂಡಿ ಕೊಡು ಅಂತ. ಅವಳು ನನ್ನ ಮುಖವನ್ನೇ ನೋಡಿ, "ಯಾರ ತಿನ್ನಾವ್ರು ಅಕ್ಕಾರ?" ಅಂದಳು. ನಮ್ಮ ಮನೆಯಲ್ಲಿ ದನ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಗಿರಾಕಿಯೊಬ್ಬಳಿಗೆ ಮೈ ಬರಬೇಕಾಗಿದೆ ಅಂದೆ. ಹೀಗೆ ಹಿಂಡಿಯ ಚೀಲ ನನ್ನ ಹೊಲಿಗೆ ಕೋಣೆಯ ಮೂಲೆಗೆ ಬಂತು. ಕುಬಸಗಳಿಗೆ ಶೇಂಗಾ ವಾಸನೆ ಹತ್ತುತ್ತದೆಂದು ಇಬ್ಬರು ತಕರಾರು ಮಾಡಿದರು. ಹಾಗಾದರೆ ತೊಟ್ಟು ಅಡುಗೆಮನೆಗೂ ಹೋಗಬೇಡಿರಿ ಅಂದೆ.

ದಿನಾ ಮುಂಜಾನೆ ಕಾಶಕ್ಕ ಗೋಡೆಯ ಹತ್ತಿರ ಬಂದು ಬುಟ್ಟಿ ಚಾಚುವಳು. ನಾನು ಹಿಂಡಿ, ನುಚ್ಚು ಅಳೆದು ಹಾಕುವೆ. ಅವಳು ಅದರ ಮೇಲೆ ಎರಡು ರೊಟ್ಟಿ ಮುರಿದು ಹಾಕಿಕೊಂಡು ಹೋಗುವಳು. ರಾತ್ರಿಯದು ಉಳಿದಿರಬೇಕು ಎಂದುಕೊಂಡೆ. ಮಳೆಗಾಲ ಮುಗಿದು, ಹೊಳೆ ಇಳಿದು, ದಂಡೆಯ ಮೇಲೆ ಹಸಿರು ಬಂತು. ಚಂದ್ರಿ ಹಗಲೆಲ್ಲ ಅಲ್ಲಿ ಮೇಯುವಳು, ಸಂಜೆ ನಡಿಗೆಯಲ್ಲಿ ಮೊದಲಿಲ್ಲದ ಒಂದು ಠೀವಿ. ಬೆನ್ನಿನ ಮೇಲೆ ಕೂದಲು ಮಿನುಗತೊಡಗಿತು. ನಾನೂ ಅಳೆಯುವುದನ್ನು ಹೊಸದಾಗಿ ಕಲಿತೆ. ಎಡಗೈಯಿಂದ ಟೇಪು ಹಿಡಿದು, ಬಲಗೈಯ ಎರಡು ಬೆರಳನ್ನು ಮಡಚಿ ಸೆರಗಿನಲ್ಲಿ ಮುಚ್ಚಿಕೊಂಡು, ಮುಂಗಾಲಿನ ಹಿಂದೆ ಮಾತ್ರ. ಮೊದಮೊದಲು ಅಂಕಿ ಆಮೆಯಂತೆ ಏರಿತು. ಖರೆ ಅಂಕಿ ಯಾವಾಗಲೂ ನಿಧಾನವೇ ಎಂದು ಸಮಾಧಾನ ಮಾಡಿಕೊಂಡೆ. ಹೊಟ್ಟೆ ಹಿಂದೆ ಸರಿದು ಎದೆ ಮುಂದೆ ಬಂತು. ನಡುವೆ ಮತ್ತೆ ಮತ್ತೆ ಬೆದೆಗೆ ಬಂದಳು. ಕಾಶಕ್ಕ ತಡೆದುಕೊಂಡಳು. ಬೇಸಿಗೆಯ ಒಂದು ಅಮಾವಾಸ್ಯೆಗೆ ಟೇಪಿನ ತುದಿಗಳು ಕೂಡಿದವು. ನಾನು ನಂಬಲಿಲ್ಲ. ಕಾಶಕ್ಕನ ಕೈಯಿಂದ ಅಳೆಸಿದೆ, ಸೊಸೆಯ ಕೈಯಿಂದ ಅಳೆಸಿದೆ, ಕೊನೆಗೆ ಡಾಕ್ಟರು ಬಂದು ಅಳೆದ. "ಈಗ ಖರೆ ಆತ್ರಿ" ಅಂದ.

ಚಂದ್ರಿ ಗಬ್ಬವಾದಳು. ಏಳು ತಿಂಗಳಾದ ಮೇಲೆ ಕಾಶಕ್ಕನಿಗೆ ಒಂದು ಆಸೆ. ನಮ್ಮ ಕಡೆ ಚೊಚ್ಚಲ ಬಸುರಿಗೆ ಹಸಿರು ಸೀರೆ, ಹೊಸ ಕುಬಸ ಉಡಿಸಿ ಆರತಿ ಮಾಡುವುದುಂಟು. ಕುಬಸ ಮಾಡುವುದು ಎಂದೇ ಅದಕ್ಕೆ ಹೆಸರು. ಚಂದ್ರಿಗೂ ಕುಬಸ ಮಾಡಬೇಕೆಂದಳು. ಹಸಿರು ಖಣ ತಂದು ಬೆನ್ನಿನ ಮೇಲೆ ಹೊದಿಸುವುದು, ಕೋಡಿಗೆ ಬಳೆ, ಓಣಿಯ ಐದು ಮಂದಿ ಮುತ್ತೈದೆಯರು. "ಹಂಗ ನನಗೂ ಒಂದ ಕುಬಸ ಹೊಲಿ," ಅಂದಳು. "ಎಲ್ಲಾರ ಮುಂದ ಇದನ್ನ ಹಾಕ್ಕೊಂಡ ನಿಲ್ಲಾಕ ಬರೂದಿಲ್ಲ." ಅವಳು ತೊಟ್ಟಿದ್ದ ಕುಬಸದ ಬಣ್ಣ ಯಾವುದಿತ್ತೆಂದು ಈಗ ಯಾರೂ ಹೇಳಲಾರರು.

ಕಾಶಕ್ಕನ ಕುಬಸಗಳನ್ನು ನಾನು ಯಾವಾಗಲೂ ಅವಳ ಒಂದು ಹಳೆಯ ಕುಬಸದ ಅಳತೆಗೆ ಹೊಲಿಯುತ್ತಿದ್ದೆ. ಆ ಹಳೆಯದನ್ನು ಇಲಿ ಕಡಿದಿತ್ತು. ಹಿಂಡಿಯ ವಾಸನೆಗೆ ಬಂದ ಇಲಿಯೇ ಇರಬೇಕು. "ಕೈ ಎತ್ತ ಬೇ" ಅಂದು ಅವಳ ಎದೆಗೆ ಟೇಪು ಸುತ್ತಿದೆ. ಚಂದ್ರಿಯ ಅಳತೆಯ ರೂಢಿ, ಬೆರಳು ಒಳಗೆ ಹೋಗಲಿಲ್ಲ. ಓದಿದೆ. ಪುಸ್ತಕ ತೆಗೆದು, ಎಂದೋ ಮೊದಲ ಸಲ ಅಳೆದು ಬರೆದಿದ್ದ ಅವಳ ಹಾಳೆ ನೋಡಿದೆ. ಬೆರಳಿನ ಲೆಕ್ಕ ಬಿಟ್ಟರೂ ನಾಲ್ಕು ಇಂಚು ಕಡಿಮೆ. ಪಕ್ಕದ ಮನೆಯವಳು, ದಿನಾ ಎರಡು ಸಲ ಮುಖ ನೋಡುವವಳು. ಸೀರೆಯ ಸೆರಗು ಸುತ್ತಿಕೊಂಡ ಮೈ ನಾಲ್ಕು ಇಂಚು ಕರಗಿದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಕಾಶಕ್ಕ, ಮುಂಜಾನಿ ಏನ ತಿಂತೀ?"

"ಚಾ ಕುಡೀತೇನಿ."

"ರೊಟ್ಟಿ?"

ಸೆರಗು ಎಳೆದುಕೊಂಡಳು. ನನಗೆ ಬುಟ್ಟಿ ನೆನಪಾಯಿತು. ಹಿಂಡಿಯ ಮೇಲೆ ದಿನಾ ಮುರಿದು ಹಾಕುತ್ತಿದ್ದ ಎರಡು ರೊಟ್ಟಿ ನೆನಪಾಯಿತು. ಅವು ರಾತ್ರಿ ಉಳಿದವಲ್ಲ, ಅವಳ ಪಾಲಿನವು.

"ಅದೂ ಬೆಳೀಬೇಕಲ್ಲ," ಅಂದಳು. ಆಮೇಲೆ, ನನ್ನ ಮುಖ ನೋಡಿ, ನಗಿಸುವ ಹಾಗೆ, "ನಾ ಏನ ಹಾಲ ಕೊಡೂದೈತೇನ ಈಗ?"

ನನಗೆ ನಗು ಬರಲಿಲ್ಲ. ಸಿಟ್ಟು ಬಂತು, ಎಂಥ ಸಿಟ್ಟೆಂದರೆ ಟೇಪನ್ನು ಮಿಷನ್ ಮೇಲೆ ಎಸೆದೆ. ಮಗ ಮಣಕದ ಬಗ್ಗೆ ಹೇಳಿದ ಮಾತನ್ನೇ ಇವಳು ತನ್ನ ಬಗ್ಗೆ ಹೇಳುತ್ತಿದ್ದಾಳೆ. ಅವನಿಗೆ ಉತ್ತರ ಕೊಡಲು ಬಂದವಳಿಗೆ ತನಗೆ ತಾನು ಉತ್ತರ ಕೊಡಲು ಬರಲಿಲ್ಲ. ಅವಳನ್ನು ಬೈದೆ. ಮನಸಾರೆ ಬೈದೆ. ಕಣ್ಣಲ್ಲಿ ನೀರು ಬಂದದ್ದಕ್ಕೂ ಅವಳನ್ನೇ ಬೈದೆ. ಆಮೇಲೆ ಒಂದು ಕಟ್ಟಳೆ ಹಾಕಿದೆ. ನಾಳೆಯಿಂದ ಮುಂಜಾನೆ ಬುಟ್ಟಿ ಹಿಡಿದು ಬಂದವಳು ಮೊದಲು ನನ್ನ ಮುಂದೆ ಕೂತು ಒಂದು ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಿಂದು, ಒಂದು ಬಟ್ಟಲು ಹಾಲು ಕುಡಿಯಬೇಕು. ಆಮೇಲೆ ಚಂದ್ರಿಯ ಹಿಂಡಿ. ತಿನ್ನದಿದ್ದರೆ ಹಿಂಡಿ ಇಲ್ಲ. ಅವಳ ಸಲುವಾಗಿ ಅಂದಿದ್ದರೆ ಎಂದೂ ತಿನ್ನುತ್ತಿರಲಿಲ್ಲ. ಚಂದ್ರಿಯ ಸಲುವಾಗಿ ತಿಂದಳು. ಮೊದಲ ದಿನ ಔಷಧದ ಹಾಗೆ, ವಾರ ಕಳೆದ ಮೇಲೆ ಚಟ್ನಿಗೆ ಖಾರ ಸಾಲದು ಅನ್ನುತ್ತ.

ಹೊಸ ಕುಬಸವನ್ನು ನಾನು ಅವಳ ಹಳೆಯ ಅಳತೆಗೇ ಹೊಲಿದೆ. ಚಂದ್ರಿಯ ಕುಬಸದ ದಿನ ಅದನ್ನು ತೊಟ್ಟು ನಿಂತ ಕಾಶಕ್ಕನ ತೋಳಿನಲ್ಲಿ ನನ್ನ ಮುಷ್ಟಿಯೇ ಹೋಗುವಂತಿತ್ತು. ಚಂದ್ರಿ ಹಸಿರು ಖಣ ಹೊದ್ದು ಗಂಭೀರವಾಗಿ ನಿಂತಿದ್ದಳು. ಕಾಶಕ್ಕ ಮಾತ್ರ ಭುಜದಿಂದ ಜಾರುವ ಕುಬಸವನ್ನು ಎಳೆದುಕೊಳ್ಳುತ್ತ, "ಇಷ್ಟ ಸಡಿಲ ಯಾರ ಸಲುವಾಗಿ ಹೊಲದೀ?" ಅಂದಳು.

"ನಿನ್ನ ಸಲುವಾಗೇ. ಇನ್ನ ಬೆಳಿಯೂದೈತಿ ನಿಂದು" ಅಂದೆ. ಐದು ಮಂದಿ ಮುತ್ತೈದೆಯರು ಆರತಿ ನಿಲ್ಲಿಸಿ ನಕ್ಕರು.

ಚಂದ್ರಿ ಒಂದು ಮುಂಜಾನೆ ಈದಳು. ಡಾಕ್ಟರು ಬಂದಿದ್ದ, ಆದರೆ ತೋಳು ಮಡಚಿ ನಿಂತದ್ದೇ ಬಂತು, ಕೈ ಹಚ್ಚುವ ಕೆಲಸ ಬೀಳಲಿಲ್ಲ. ಕಾಶಕ್ಕ ಅವಳ ತಲೆಯ ಹತ್ತಿರ ಕೂತಿದ್ದಳು, ಅಕ್ಕನ ತಲೆಯ ಹತ್ತಿರ ಕೂತಿದ್ದ ಹಾಗೇ. ಈ ಸಲ ಚಂದ್ರಿ ಎದ್ದು ನಿಂತು, ತಿರುಗಿ, ತನ್ನ ಕರುವನ್ನು ನೆಕ್ಕಿದಳು. ಹೆಣ್ಣುಗರು. ಕಾಶಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿದ್ದವು. ನಾನು ಗೋಡೆ ದಾಟಿ ಹೋದೆ. ಯಾವಾಗಲೂ ಓಣಿಯಿಂದ ಸುತ್ತಿ ಹೋಗುವವಳು ಆ ಗೋಡೆಯನ್ನು ಹತ್ತಿ ದಾಟಿದ್ದು ಅದೇ ಮೊದಲು, ಸೀರೆ ಹರಿಯಿತು.

ಮೂರನೆಯ ದಿನ ಅವಳು ಬಟ್ಟಲಲ್ಲಿ ಗಿಣ್ಣ ತಂದಳು, ಎಳೆ ಹಾಲಿನದು, ಬೆಲ್ಲ ಏಲಕ್ಕಿ ಹಾಕಿದ್ದು. "ಕರುವಿಗಿ ಕುಡಿಸೇ ತಂದೇನಿ" ಅಂದಳು, ನಾನು ಕೇಳುವ ಮೊದಲೇ. ಬಟ್ಟಲಿನ ಅರ್ಧ ಅವಳ ಕೈಯಲ್ಲಿಟ್ಟು, ಅವಳು ತಿಂದ ಮೇಲೆ ನಾನು ತಿಂದೆ. ಆಮೇಲೆ ಹತ್ತಿರ ಕರೆದು, ಅವಳು ತೊಟ್ಟಿದ್ದ ಆ ಹೊಸ ಕುಬಸದ ತೋಳಿನೊಳಗೆ ಬೆರಳು ಹಾಕಿ ನೋಡಿದೆ. ಮುಷ್ಟಿ ಹೋಗಲಿಲ್ಲ. ಮೂರು ಬೆರಳೂ ಹೋಗಲಿಲ್ಲ.

"ಬಿಗಿ ಆತೇನ?" ಅಂದಳು.

"ಇಲ್ಲ," ಅಂದೆ, ಎರಡು ಬೆರಳನ್ನು ಅಲ್ಲೇ ಇಟ್ಟುಕೊಂಡು. "ಈಗ ಸರಿ ಆತು."